ಗ್ರೈಂಡರ್ ಎಲ್ಲಿಂದ: ಆನ್‌ಲೈನಾ, ಮಂಗಳೂರಿನ ತಂಗಿ ಮನೆಯಾ, ಬದಿಯಡ್ಕದ ಅಂಗಡಿಯಾ?

ಮೊದಲೇ ಹೇಳಿಬಿಡುತ್ತೇನೆ. ಮೋಟಾರು ಇರುವ ಸಾಮಾನಾದರೆ ನನ್ನ ಓಟು ನಮ್ಮ ಹತ್ತಿರದ ಪೇಟೆ ಬದಿಯಡ್ಕದ ಅಂಗಡಿಗೆ. ಒಂದೂವರೆ ವರ್ಷದಲ್ಲಿ ಮೂರು ದಾರಿಯಲ್ಲಿ ಮೂರು ಸಾಮಾನು ಕೊಂಡು ನೋಡಿದೆ. ಒಂದು ಗ್ರೈಂಡರ್ ದೊಡ್ಡ ಆನ್‌ಲೈನ್ ತಾಣದಿಂದ ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ನಮ್ಮ ಮನೆಗೇ ಬಂತು. ಒಂದು ಮಿಕ್ಸಿ ಬೇರೆ ಆ್ಯಪ್‌ನಿಂದ ಮಂಗಳೂರಿನ ತಂಗಿ ಮನೆಗೆ ಹೋಯಿತು. ಕೊನೆಗೆ ಇನ್ನೊಂದು ಗ್ರೈಂಡರ್ ಅಂಗಡಿಯಿಂದ ಬಂತು. ಈಗ ಅಡುಗೆಮನೆಯಲ್ಲಿ ತಿರುಗುತ್ತಿರುವುದು ಅದೇ.

ಆನ್‌ಲೈನ್ ಎಂದರೆ ನನಗೆ ಆಗದು ಅಂತೇನಿಲ್ಲ. ನಾನು ಕನ್ನಡ ಮಾಷ್ಟ್ರು. ಬೇಕಾದ ಕನ್ನಡ ಪುಸ್ತಕಕ್ಕೆ ಮೊದಲೆಲ್ಲ ಮಂಗಳೂರಿನ ಬಸ್ಸು ಹತ್ತಬೇಕಿತ್ತು. 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಶುರುವಾದದ್ದೇ ಪುಸ್ತಕ ಮಾರುವುದರಿಂದ. 2010ರಲ್ಲಿ ಅವರು ಕ್ಯಾಶ್ ಆನ್ ಡೆಲಿವರಿ ತಂದರು. ಸಾಮಾನು ಕೈಗೆ ಬಂದ ಮೇಲೆ ದುಡ್ಡು ಕೊಟ್ಟರೆ ಸಾಕು ಎಂದಾಗ ಅಪ್ಪನಿಗೂ ಧೈರ್ಯ ಬಂತು. 2013ರಲ್ಲಿ ಅಮೆಜಾನ್ ಭಾರತಕ್ಕೆ ಬಂತು. 2014ರ ಅಕ್ಟೋಬರಿನಲ್ಲಿ ಫ್ಲಿಪ್‌ಕಾರ್ಟ್‌ನ ಮೊದಲ ಬಿಗ್ ಬಿಲಿಯನ್ ಡೇ ಸೇಲ್ ನಡೆಯಿತು. ಆಮೇಲೆ ದೊಡ್ಡ ಸಾಮಾನು ಕೊಳ್ಳುವವರೆಲ್ಲ ಸೇಲ್ ಬರಲಿ ಎಂದು ಕಾಯುವುದು ನಮ್ಮ ಕಡೆಯೂ ರೂಢಿಯಾಯಿತು. 2020ರಲ್ಲಿ ಈ ಎರಡೂ ಆ್ಯಪ್‌ಗಳು ಕನ್ನಡದಲ್ಲಿ ಬಂದವು. ಅಮ್ಮ ಈಗ ಕನ್ನಡಕ ಹಾಕಿಕೊಂಡು ತಾವೇ ಓದುತ್ತಾರೆ. ಗ್ರೈಂಡರ್ ಆರಿಸಿದ್ದೂ ಅವರೇ.

ಬೆಲೆ 4,150 ರೂಪಾಯಿ. ಅದೇ ಕಂಪನಿಯ ಅದೇ ಮಾಡೆಲ್ ಬದಿಯಡ್ಕದಲ್ಲಿ 4,900. ಮಳೆಗಾಲದ ಆಟಿ ತಿಂಗಳು ಹತ್ತಿರ ಬಂದಿತ್ತು, ಕೆಸುವಿನ ಎಲೆಯ ಪತ್ರೊಡೆಗೆ ಹಿಟ್ಟು ರುಬ್ಬಬೇಕು. 750 ರೂಪಾಯಿ ಉಳಿಯುತ್ತದೆ ಅಂದರೆ ಯಾರಾದರೂ ತರಿಸುತ್ತಾರೆ, ಅಲ್ವಾ? ಐದೇ ದಿನದಲ್ಲಿ ಮನೆ ಬಾಗಿಲಿಗೆ ಬಂತು. ಪ್ಯಾಕಿಂಗ್ ಚೆನ್ನಾಗಿತ್ತು.

ಮೂರನೇ ದಿನ ನೆನೆಸಿದ ಅಕ್ಕಿ ಹಾಕಿ ಸ್ವಿಚ್ ಒತ್ತಿದರು. ನಾಲ್ಕು ಸುತ್ತು ತಿರುಗಿ ಕಲ್ಲು ನಿಂತಿತು. ಒಳಗೆ ಮೋಟಾರು ಮಾತ್ರ ಗುಂಯ್ ಅನ್ನುತ್ತಿತ್ತು. ರಬ್ಬರ್ ಸುಟ್ಟ ವಾಸನೆ ಬಂತು. ಅಮ್ಮ ಏನೂ ಮಾತಾಡಲಿಲ್ಲ. ಅರ್ಧ ನುಚ್ಚಾದ ಅಕ್ಕಿಯನ್ನು ಕೈಯಲ್ಲಿ ಬಾಚಿ ಪಾತ್ರೆಗೆ ತುಂಬಿದರು. ಹಿತ್ತಿಲ ಜಗಲಿಯಲ್ಲಿದ್ದ ಕಡೆಯುವ ಕಲ್ಲನ್ನು ತೊಳೆದು ಅಲ್ಲಿ ಕೂತರು. ಅವರಿಗೆ ಅರವತ್ತೆಂಟು ವರ್ಷ, ಬಲ ಭುಜ ನೋವು. ಆ ಹೊತ್ತು ನನಗೆ ಆದ ಸಂಕಟ ಈಗಲೂ ಮರೆತಿಲ್ಲ.

ವಾಪಸ್ ಕೊಡೋಣ ಎಂದು ಆ್ಯಪ್ ತೆಗೆದೆ. ಏಳು ದಿನದೊಳಗೆ ಹೇಳಬೇಕು, ಮೊದಲು ಟೆಕ್ನೀಶಿಯನ್ ಬಂದು ನೋಡಬೇಕು, ಅವರು ಹಾಳಾಗಿದೆ ಎಂದು ಬರೆದರೆ ಮಾತ್ರ ಬದಲಿ ಕೊಡುವುದು. ಸರಿ ಎಂದು ಒಪ್ಪಿದೆ. ಟೆಕ್ನೀಶಿಯನ್ ಎಲ್ಲಿಂದ ಬರಬೇಕು ಗೊತ್ತಾ? ಕಣ್ಣೂರಿನಿಂದ.

ಇದೇ ನೋಡಿ ಗಡಿಯಲ್ಲಿರುವವರ ತೊಂದರೆ. ಕಾಸರಗೋಡು ಪೇಟೆಯಿಂದ ಮಂಗಳೂರು ಸುಮಾರು 50 ಕಿಲೋಮೀಟರ್. ಕಣ್ಣೂರು ಸುಮಾರು 90. ನಮ್ಮ ಆಸ್ಪತ್ರೆ, ಕಾಲೇಜು, ಮದುವೆ ಜವಳಿ ಎಲ್ಲ ಮಂಗಳೂರಿನಲ್ಲೇ. ಆದರೆ 671ರಿಂದ ಶುರುವಾಗುವ ಪಿನ್‌ಕೋಡ್ ಹಾಕಿದ ಕೂಡಲೇ ರಾಜ್ಯ ಕೇರಳ ಎಂದು ತಾನಾಗಿ ತುಂಬುತ್ತದೆ. ಕಂಪ್ಲೇಂಟ್ ಕೂಡ ಕೇರಳದ ಸೆಂಟರ್‌ಗೇ ಹೋಗುತ್ತದೆ. ಮಂಗಳೂರಿನಲ್ಲಿ ಅದೇ ಕಂಪನಿಯ ಸರ್ವಿಸ್ ಸೆಂಟರ್ ಇದೆ, ಅಲ್ಲಿಗೆ ಕಳಿಸಿ ಎಂದು ಕಸ್ಟಮರ್ ಕೇರ್‌ನ ಹುಡುಗಿಗೆ ಹೇಳಿದೆ. ಪಾಪ, ಕನ್ನಡದಲ್ಲೇ ಚೆನ್ನಾಗಿ ಮಾತಾಡಿದಳು. "ಸರ್, ಸಿಸ್ಟಮ್‌ನಲ್ಲಿ ಬೇರೆ ರಾಜ್ಯ ಆರಿಸಲಿಕ್ಕೆ ಆಗುವುದಿಲ್ಲ" ಅಂದಳು. 1956ರಲ್ಲಿ ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ಎಳೆದ ಗೆರೆ ನಮ್ಮ ಅಡುಗೆಮನೆಯವರೆಗೂ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ.

ಟೆಕ್ನೀಶಿಯನ್ ಫೋನ್ ಮಾಡಿದ್ದು ಮಲಯಾಳದಲ್ಲಿ. ನನಗೆ ಬರುತ್ತದೆ, ಅದರ ಬಗ್ಗೆ ದೂರಿಲ್ಲ. ನಮ್ಮ ಕಡೆ ಮೂರ್ನಾಲ್ಕು ಕಂಪ್ಲೇಂಟ್ ಸೇರಿದರೆ ಮಾತ್ರ ಬರುವುದು ಎಂದ. ಅವನ ಮಾತೂ ಸರಿಯೇ, ಒಂದು ಗ್ರೈಂಡರ್‌ಗಾಗಿ ಅಷ್ಟು ದೂರ ಬಂದರೆ ಅವನಿಗೇನು ಗಿಟ್ಟುತ್ತದೆ? ಆದರೆ ಆರನೇ ದಿನ ನನ್ನ ಫೋನಿಗೆ ಮೆಸೇಜ್ ಬಂತು, "ಭೇಟಿ ಪೂರ್ಣಗೊಂಡಿದೆ" ಅಂತ. ಯಾರೂ ಬಂದಿರಲಿಲ್ಲ. ಮತ್ತೆ ಕಂಪ್ಲೇಂಟ್ ಕೊಡುವಷ್ಟರಲ್ಲಿ ಏಳು ದಿನ ಮುಗಿದಿತ್ತು. ಆ್ಯಪ್‌ನಲ್ಲಿ ವಾಪಸ್ ಕೊಡುವ ಬಟನ್ನೇ ಮಾಯ.

ಸುಮ್ನೆ ಬಿಡಲು ಮನಸ್ಸಾಗಲಿಲ್ಲ. 2020ರ ಇ-ಕಾಮರ್ಸ್ ನಿಯಮದಲ್ಲಿ ಒಂದು ಒಳ್ಳೆಯ ಮಾತಿದೆ. ಇಂಥ ತಾಣಗಳಿಗೆ ದೂರು ನೋಡಿಕೊಳ್ಳುವ ಅಧಿಕಾರಿ ಇರಬೇಕು. ದೂರು ಬಂತು ಎಂದು ಅವರು 48 ಗಂಟೆಯೊಳಗೆ ತಿಳಿಸಬೇಕು, ತಿಂಗಳೊಳಗೆ ಪರಿಹಾರ ಕೊಡಬೇಕು. ಆ ಅಧಿಕಾರಿಗೆ ಮೇಲ್ ಹಾಕಿದೆ, ಆ ಸುಳ್ಳು ಮೆಸೇಜಿನ ಫೋಟೋ ಸಮೇತ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಿದೆ, ಕನ್ನಡದಲ್ಲೇ ಹೇಳಿದೆ. ಹನ್ನೊಂದನೇ ದಿನ ಕೊರಿಯರಿನವರು ಬಂದು ಗ್ರೈಂಡರ್ ಒಯ್ದರು. ಅದರ ಮರುವಾರ ದುಡ್ಡು ಪೂರ್ತಿ ಬಂತು. ರಟ್ಟಿನ ಪೆಟ್ಟಿಗೆಯನ್ನೂ ಥರ್ಮೋಕೋಲನ್ನೂ ಅಟ್ಟದಲ್ಲಿ ಇಟ್ಟಿದ್ದು ಆಗ ಉಪಯೋಗಕ್ಕೆ ಬಂತು. ನೀವೂ ಬಿಸಾಡಬೇಡಿ.

ತಂಗಿ ಮನೆಯ ದಾರಿ ಇದಕ್ಕಿಂತ ಎಷ್ಟೋ ವಾಸಿ. ಮಿಕ್ಸಿ ಎರಡೇ ದಿನಕ್ಕೆ ತಲುಪಿತು. ಜಾರಿನ ಮುಚ್ಚಳ ಸರಿ ಕೂರುತ್ತಿರಲಿಲ್ಲ, ಮರುದಿನವೇ ಬದಲಾಯಿಸಿದರು. ಒಟಿಪಿ ನನ್ನ ಫೋನಿಗೆ, ಡೆಲಿವರಿ ಹುಡುಗ ಅವಳ ಬಾಗಿಲಲ್ಲಿ, ಅದೊಂದು ಕಿರಿಕಿರಿ. ಮಿಕ್ಸಿಯನ್ನು ಚೀಲದಲ್ಲಿ ಹಾಕಿ ಬಸ್ಸಿನಲ್ಲಿ ತರಬಹುದು. ಹತ್ತು ಹನ್ನೆರಡು ಕಿಲೋದ ಗ್ರೈಂಡರ್ ತರುವುದು ಹೇಗೆ? ಮತ್ತೆ ಕೆಲಸಕ್ಕೆ ಹೋಗುವ ತಂಗಿಗೆ ಪ್ರತಿ ಸಲ "ಇವತ್ತು ಮನೆಯಲ್ಲಿರು ಮಾರಾಯ್ತಿ" ಅನ್ನಲು ನನಗೇ ಸಂಕೋಚ.

ಇನ್ನು ಬದಿಯಡ್ಕದ ಅಂಗಡಿ. ಆನ್‌ಲೈನ್ ಗ್ರೈಂಡರ್ ಕೈಕೊಟ್ಟಾಗಲೇ ಅಂಗಡಿಯವರಲ್ಲಿ ಕೇಳಿದ್ದೆ. ಶಬ್ದ ಹೇಗೆ ಬರುತ್ತದೆ ಎಂದು ವಿಚಾರಿಸಿ, "ಮಾಷ್ಟ್ರೇ, ಬೆಲ್ಟ್ ಹೋಗಿರಬೇಕು. ಆದರೆ ನಾನು ಬಿಚ್ಚಿದರೆ ನಿಮ್ಮ ವಾರಂಟಿ ಹೋಗ್ತದೆ, ಬೇಡ" ಅಂದಿದ್ದರು. ಬೇರೆಯವರಾದರೆ ಬಿಚ್ಚಿ ಇನ್ನೂರು ರೂಪಾಯಿ ತೆಗೆದುಕೊಳ್ಳುತ್ತಿದ್ದರು. ಆ ಒಂದು ಮಾತಿಗೆ ನಾನು ಅವರ ಗಿರಾಕಿಯಾದೆ.

ಅಂಗಡಿಯಲ್ಲೇ ನೀರು ಹಾಕಿ ತಿರುಗಿಸಿ ತೋರಿಸಿದರು. 4,900ಕ್ಕೆ ನೂರು ಬಿಟ್ಟರು. ಅರ್ಧ ಆಗಲೇ ಕೊಟ್ಟೆ, ಉಳಿದದ್ದು ಸಂಬಳ ಆದ ಮೇಲೆ. ವಾರಂಟಿ ಕಾರ್ಡಿಗೆ ಸೀಲು ಹಾಕಿ, ಹಿಂದುಗಡೆ ತಮ್ಮ ನಂಬರ್ ಬರೆದುಕೊಟ್ಟರು. ಎರಡು ತಿಂಗಳಾದ ಮೇಲೆ ಅಡಿಯ ಒಂದು ರಬ್ಬರ್ ಕಾಲು ಕಳಚಿತು. ಸಂಜೆ ಶಾಲೆಯಿಂದ ಬರುವಾಗ ಹೇಳಿದೆ. ಡಬ್ಬಿಯಿಂದ ಒಂದು ತೆಗೆದು ಕೈಗೆ ಕೊಟ್ಟರು, ದುಡ್ಡು ಬೇಡ ಅಂದರು.

ಬಣ್ಣ, ಮಾಡೆಲ್ ಆರಿಸಲು ಅಂಗಡಿಯಲ್ಲಿ ಜಾಸ್ತಿ ಇಲ್ಲ. ಅಲ್ಲಿದ್ದದ್ದು ಮೂರೇ.

ಪುಸ್ತಕ, ಚಾರ್ಜರ್, ಮಗಳ ಶಾಲೆಯ ಬ್ಯಾಗು ಈಗಲೂ ಆನ್‌ಲೈನ್‌ನಲ್ಲೇ ಮನೆಗೆ ತರಿಸುತ್ತೇನೆ. ಹಾಳಾದರೆ ನಷ್ಟ ಸಣ್ಣದು, ಟೆಕ್ನೀಶಿಯನ್ ಬೇಕಾಗಿಲ್ಲ. ನೀವು ಮಂಗಳೂರಿಗೆ ದಿನಾ ಕಾರಿನಲ್ಲಿ ಹೋಗಿ ಬರುವವರಾದರೆ ಅಲ್ಲಿನ ವಿಳಾಸ ಕೊಡುವುದೇ ಲಾಭ. ನಾನು ಬಸ್ಸಿನವನು. ಬರುವ ಬೇಸಿಗೆಗೆ ಫ್ರಿಜ್ ಬದಲಾಯಿಸಬೇಕು. ಸೇಲ್‌ನಲ್ಲಿ ಎರಡು ಸಾವಿರ ಕಡಿಮೆ ಇದೆ ಎಂದು ಅಮ್ಮ ಆ್ಯಪ್ ತೋರಿಸಿದರು. ಆ ಬೆಲೆಯನ್ನು ಚೀಟಿಯಲ್ಲಿ ಬರೆದುಕೊಂಡಿದ್ದೇನೆ. ಶನಿವಾರ ಬದಿಯಡ್ಕಕ್ಕೆ ಹೋಗಿ ಎಷ್ಟು ಇಳಿಸುತ್ತಾರೆ ಕೇಳಬೇಕು.