ಕೋರ್ ಟೆಂಪರೇಚರ್ ಒಂದನ್ನೇ ನೋಡಿ ಹಳೇ 3090 ತಗೊಳ್ಳಬೇಡಿ

ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3090 (ಎನ್‌ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡ್) ತಗೊಂಡು ಮನೆಯಲ್ಲೇ ಎಐ ಮಾಡೆಲ್ ಟ್ರೈನ್ ಮಾಡೋಣ ಅಂತ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಕಾರ್ಡ್ ಹೋಯ್ತು. ಹೋಗುವ ದಿನವೂ ಕೋರ್ (ಕಾರ್ಡಿನ ಮುಖ್ಯ ಚಿಪ್) ಟೆಂಪರೇಚರ್ 80 ಡಿಗ್ರಿ ದಾಟಿರಲಿಲ್ಲ.

24 ಜಿಬಿ ಮೆಮೊರಿ ಇದೆ ಅಂತಲೇ ಎಲ್ಲರಿಗೂ ಈ ಕಾರ್ಡಿನ ಮೇಲೆ ಕಣ್ಣು. ತೊಂದರೆ ಇರುವುದೂ ಆ ಮೆಮೊರಿಯಲ್ಲೇ. ಬೋರ್ಡಿನ ಮುಂದೆ 12 ಚಿಪ್, ಹಿಂದೆ 12. ಮುಂದಿನವುಗಳ ಬಿಸಿ ಹೀಟ್‌ಸಿಂಕ್‌ಗೆ ಹೋಗುತ್ತದೆ, ಫ್ಯಾನ್ ಗಾಳಿ ಬೀಸುತ್ತದೆ. ಹಿಂದಿನವಕ್ಕೆ ಹೆಚ್ಚಿನ ಕಾರ್ಡುಗಳಲ್ಲಿ ಇರುವುದು ಒಂದು ಬ್ಯಾಕ್‌ಪ್ಲೇಟ್ (ಹಿಂದಿನ ತಟ್ಟೆ), ನಡುವೆ ಬಿಸಿ ದಾಟಿಸುವ ಮೆತ್ತನೆಯ ಥರ್ಮಲ್ ಪ್ಯಾಡ್, ಅಷ್ಟೇ. (3090 ಟಿಐನಲ್ಲಿ 2 ಜಿಬಿ ಚಿಪ್ ಹಾಕಿ ಎಲ್ಲವನ್ನೂ ಮುಂದಕ್ಕೆ ತಂದರು, ಆ ಕಾರ್ಡಿಗೆ ಈ ಗೋಳಿಲ್ಲ.) ಗೇಮ್ ಆಡಿದರೆ ಲೋಡ್ ಏರುತ್ತದೆ, ಇಳಿಯುತ್ತದೆ. ಟ್ರೈನಿಂಗ್‌ನಲ್ಲಿ ಹಾಗಲ್ಲ, ಹಗಲೂ ರಾತ್ರಿ ಒಂದೇ ಸಮ ಮೆಮೊರಿಯನ್ನು ಅರೆಯುತ್ತಿರುತ್ತದೆ, ಹಿಂದುಗಡೆಯ ಆ ಬಿಸಿ ಹೋಗುವುದಕ್ಕೆ ದಾರಿಯೇ ಇರುವುದಿಲ್ಲ.

ನನಗೆ ಮಾರಿದವರು ಗೇಮ್ ಹಾಕಿ ತೋರಿಸಿದ್ದರು. 66 ಡಿಗ್ರಿ, ಫ್ಯಾನ್ ಸದ್ದೂ ಇಲ್ಲ, ಯಾರಿಗಾದರೂ ಇಷ್ಟ ಆಗುವಂಥ ಕಾರ್ಡ್. ಕ್ರಿಪ್ಟೊ ಮೈನಿಂಗ್‌ನಲ್ಲಿ (ಡಿಜಿಟಲ್ ನಾಣ್ಯ ಗಳಿಸಲು ಬಿಡದೆ ಲೆಕ್ಕ ಮಾಡಿಸುವುದು) ದುಡಿದದ್ದು ಅಂತ ಮಾತ್ರ ಹೇಳಲಿಲ್ಲ. 2022ರ ಸೆಪ್ಟೆಂಬರ್ 15ಕ್ಕೆ ಎಥೀರಿಯಂ ಮೈನಿಂಗ್ ನಿಂತ ಮೇಲೆ ಇಂಥ ಕಾರ್ಡುಗಳು ರಾಶಿ ರಾಶಿ ಮಾರ್ಕೆಟ್ಟಿಗೆ ಬಂದಿವೆ. ಮನೆಗೆ ತಂದು ಕನ್ನಡ ಮಾತನ್ನು ಬರಹಕ್ಕೆ ಇಳಿಸುವ ಮಾಡೆಲ್ ಟ್ರೈನಿಂಗ್‌ಗೆ ಹಾಕಿದೆ. ಸ್ವಲ್ಪ ಹೊತ್ತು ಸರಿಯಾಗಿ ಓಡಿ ಆಮೇಲೆ ಸುಮ್ನೆ ನಿಧಾನ ಆಗುತ್ತಿತ್ತು. ಲಿನಕ್ಸ್‌ನಲ್ಲಿ ಎನ್‌ವಿಡಿಯಾ-ಎಸ್‌ಎಂಐ (ಕಾರ್ಡಿನ ಸ್ಥಿತಿ ತೋರಿಸುವ ಕಮಾಂಡ್) ಕೋರ್ 68 ಅನ್ನುತ್ತಿತ್ತು. ಈ ಕಾರ್ಡಿನ ಮೆಮೊರಿ ಬಿಸಿ ಅದರಲ್ಲಿ ಕಾಣಿಸುವುದೇ ಇಲ್ಲ, ಆ ಜಾಗದಲ್ಲಿ ಎನ್/ಎ (ಮಾಹಿತಿ ಇಲ್ಲ) ಅಂತ ಇರುತ್ತದೆ. ಕೊನೆಗೆ ವಿಂಡೋಸ್‌ಗೆ ಹೋಗಿ ಎಚ್‌ಡಬ್ಲ್ಯುಇನ್ಫೊ ಅನ್ನುವ ಸಾಫ್ಟ್‌ವೇರ್ ಹಾಕಿ ನೋಡಿದರೆ ಮೆಮೊರಿ ಜಂಕ್ಷನ್ (ಮೆಮೊರಿ ಚಿಪ್ ಒಳಗಿನ ಬಿಸಿ) 110! ಅಲ್ಲಿಗೆ ಮುಟ್ಟಿದರೆ ಕಾರ್ಡ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಬ್ಯಾಕ್‌ಪ್ಲೇಟ್ ಮೇಲೆ ಬೆರಳು ಇಡಲಾಗುತ್ತಿರಲಿಲ್ಲ.

ಪ್ಯಾಡ್ ಬದಲಿಸಿದರೆ ಸರಿಹೋಗುತ್ತದೆ, ಅದು ನಿಜ. ಹಾಗಂತ ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ಬಿಚ್ಚಿದಾಗ ಹಳೇ ಪ್ಯಾಡುಗಳಿಂದ ಎಣ್ಣೆ ಜಿನುಗಿ ಬೋರ್ಡೆಲ್ಲ ಅಂಟಂಟಾಗಿತ್ತು, ಪ್ಯಾಡನ್ನು ಮುಟ್ಟಿದರೆ ಪುಡಿಪುಡಿ ಉದುರುತ್ತಿತ್ತು. ಅವರು ಎಲ್ಲ ಕಡೆಗೂ ಒಂದೇ ದಪ್ಪದ ಪ್ಯಾಡ್ ಹಾಕಿದರು. ಕೇಳಿದ್ದಕ್ಕೆ, 'ದಪ್ಪ ಇದ್ದಷ್ಟೂ ಒಳ್ಳೇದು ಸಾರ್' ಅಂದರು. ಶುದ್ಧ ತಪ್ಪು! ಕಂಪನಿ ಬೇರೆಯಾದರೆ ದಪ್ಪ ಬೇರೆ, ಒಂದೇ ಕಾರ್ಡಿನಲ್ಲಿ ಜಾಗಕ್ಕೊಂದು ದಪ್ಪವೂ ಇರುತ್ತದೆ. ಪ್ಯಾಡ್ ದಪ್ಪ ಆದರೆ ಹೀಟ್‌ಸಿಂಕ್ ಮೇಲೆದ್ದು ನಿಲ್ಲುತ್ತದೆ, ಕೋರ್ ಮೇಲೆ ಸರಿಯಾಗಿ ಕೂರುವುದಿಲ್ಲ. ಮೆಮೊರಿ ತಣ್ಣಗಾಯಿತು, ಕೋರ್ 78ಕ್ಕೆ ಏರಿತು, ಹಾಟ್‌ಸ್ಪಾಟ್ (ಕೋರ್ ಚಿಪ್ಪಿನಲ್ಲಿ ಅತಿ ಬಿಸಿಯಾದ ಜಾಗ) 107. ವಾಪಸ್ ತಗೊಂಡು ಹೋದರೆ ಎಲ್ಲ ನಾರ್ಮಲ್ ಅಂದರು. ಸ್ವಲ್ಪ ದಿನಕ್ಕೇ ಪರದೆ ತುಂಬ ಬಣ್ಣಬಣ್ಣದ ಚೌಕಗಳು, ಆಮೇಲೆ ಏನೂ ಇಲ್ಲ. ಕಾರ್ಡ್ ಮೊದಲೇ ಹಾಳಾಗಿತ್ತು ಅಂತ ಅಂಗಡಿಯವರು, ಅಂಗಡಿಯವರೇ ಹಾಳು ಮಾಡಿದ್ದು ಅಂತ ಮಾರಿದವರು. ದುಡ್ಡು ಯಾರಿಂದಲೂ ಬರಲಿಲ್ಲ.

ಈಗಾಗಲೇ 3090 ಇಟ್ಟುಕೊಂಡವರು ಇವತ್ತೇ ಮೂರೂ ಟೆಂಪರೇಚರ್ ನೋಡಿ: ಕೋರ್, ಹಾಟ್‌ಸ್ಪಾಟ್, ಮೆಮೊರಿ ಜಂಕ್ಷನ್. ಕೋರ್‌ಗೂ ಹಾಟ್‌ಸ್ಪಾಟ್‌ಗೂ ಹತ್ತು ಹದಿನೈದು ಡಿಗ್ರಿ ಅಂತರ ಮಾಮೂಲು, ಇಪ್ಪತ್ತು ದಾಟಿದರೆ ಅನುಮಾನ ಪಡಿ. ಬ್ಯಾಕ್‌ಪ್ಲೇಟ್ ಮೇಲೆ ಒಂದು ಫ್ಯಾನ್ ಇಡಿ, ಅದಕ್ಕೆ ಹೆಚ್ಚು ಖರ್ಚಿಲ್ಲ. ಪವರ್ ಲಿಮಿಟ್ (ಕಾರ್ಡ್ ಎಳೆಯಬಹುದಾದ ವಿದ್ಯುತ್ತಿನ ಮಿತಿ) 350 ವ್ಯಾಟ್‌ನಿಂದ 280ಕ್ಕೆ ಇಳಿಸಿದರೆ ವೇಗ ಸ್ವಲ್ಪ ಮಾತ್ರ ಕಡಿಮೆಯಾಗುತ್ತದೆ, ಬಿಸಿ ಚೆನ್ನಾಗಿ ಇಳಿಯುತ್ತದೆ. ಆದರೆ ಮಷಿನ್ ರೀಸ್ಟಾರ್ಟ್ ಆದರೆ ಆ ಲಿಮಿಟ್ ಮಾಯ, ಮತ್ತೆ 350ಕ್ಕೇ ಹೋಗುತ್ತದೆ. ನಮ್ಮ ಊರುಗಳಲ್ಲಿ ರಾತ್ರಿ ಕರೆಂಟ್ ಹೋಗಿ, ಯುಪಿಎಸ್ ಖಾಲಿಯಾಗಿ, ಬೆಳಗಿನ ಜಾವ ಮಷಿನ್ ತಾನೇ ಎದ್ದು ಟ್ರೈನಿಂಗ್ ಶುರು ಮಾಡುವುದು ಹೊಸದೇನಲ್ಲ ಅಲ್ವಾ? ಅದಕ್ಕೇ ಲಿಮಿಟ್ ಇಳಿಸುವ ಕಮಾಂಡನ್ನು ಮಷಿನ್ ಆನ್ ಆದ ಕೂಡಲೇ ಓಡುವ ಹಾಗೆ ಹಾಕಿಡಿ. ಏಪ್ರಿಲ್‌ನಲ್ಲಿ ದಾವಣಗೆರೆ, ಕಲಬುರಗಿ ಕಡೆಯವರು ಇನ್ನೂ ಕೆಳಗೆ ಇಳಿಸಿಕೊಳ್ಳಿ. ರೂಮೇ 38 ಡಿಗ್ರಿ ಇದ್ದರೆ ಯಾವ ಫ್ಯಾನೂ ಅದಕ್ಕಿಂತ ತಣ್ಣಗಿನ ಗಾಳಿ ಕೊಡಲಾರದು.

ಹೊಸದಾಗಿ ತಗೊಳ್ಳುವವರು ಗೇಮ್ ಟೆಸ್ಟ್ ನೋಡಿ ದುಡ್ಡು ಕೊಡಬೇಡಿ. ಮೆಮೊರಿ ಮೇಲೆ ಲೋಡ್ ಬೀಳುವ ಕೆಲಸವನ್ನು ಒಂದು ಗಂಟೆ ಓಡಿಸಿ, ಮೆಮೊರಿ ಜಂಕ್ಷನ್ ಎಷ್ಟಕ್ಕೆ ಹೋಗಿ ನಿಲ್ಲುತ್ತದೆ ಅಂತ ನಿಮ್ಮೆದುರೇ ತೋರಿಸಿ ಅನ್ನಿ. ತೋರಿಸುವುದಿಲ್ಲ ಅಂದರೆ ಎದ್ದು ಬನ್ನಿ.