ಕೊಲೊರಾಡೊ ಮೌಂಟನ್ ಕಾಲೇಜು: ಮೂರನೇ ವರ್ಷದ ವಿದ್ಯಾರ್ಥಿನಿಯ ಅಭಿಪ್ರಾಯ

ಹತ್ತೊಂಬತ್ತಕ್ಕೆ ನಿಂತುಹೋದ ಓದನ್ನು ನಲವತ್ತೊಂದಕ್ಕೆ ಮತ್ತೆ ಹಿಡಿದವಳು ನಾನು. ಕೊಪ್ಪ ತಾಲ್ಲೂಕಿನ ಒಂಟಿಮನೆ ನಮ್ಮದು. ಡಾಂಬರು ರಸ್ತೆಗೆ ಬರಲು ಮುಕ್ಕಾಲು ಗಂಟೆ ನಡೆಯಬೇಕು, ಅಲ್ಲಿಂದ ಕಾಲೇಜಿಗೆ ಒಂದೂವರೆ ಗಂಟೆ ಬಸ್ಸು. ಬಿ.ಕಾಂ. ಎರಡನೇ ವರ್ಷಕ್ಕೆ ಕಾಲಿಟ್ಟ ಮಳೆಗಾಲದಲ್ಲಿ ಹಳ್ಳ ಏರಿ ಸಂಕ ಕೊಚ್ಚಿಕೊಂಡು ಹೋಯಿತು. "ಮಳೆ ಬಿಡಲಿ, ಆಮೇಲೆ ಹೋಗುವೆಯಂತೆ" ಅಂದರು ಅಪ್ಪಯ್ಯ. ಮಳೆ ಬಿಡುವಷ್ಟರಲ್ಲಿ ಜಾತಕ ಹೊರಬಿದ್ದಿತ್ತು. ಹಾಗಾಗಿ ಯಾವ ಕಾಲೇಜಿನ ಮಾತು ಬಂದರೂ ನಾನು ಮೊದಲು ಕೇಳುವುದು, ಅದು ಮನೆಯಿಂದ ಎಷ್ಟು ದೂರ ಅಂತ.

ಈಗ ನಾವಿರುವುದು ಅಮೆರಿಕದ ಕೊಲೊರಾಡೊ ರಾಜ್ಯದ ಗ್ಲೆನ್‌ವುಡ್ ಸ್ಪ್ರಿಂಗ್ಸ್‌ನಲ್ಲಿ. ಬಿಸಿನೀರಿನ ಬುಗ್ಗೆಗೆ ಹೆಸರಾದ ಸಣ್ಣ ಊರು. ಇಲ್ಲಿನ ಬಿಸಿನೀರಿನ ಕೊಳ 1888ರಿಂದಲೂ ಇದೆ. ಸುತ್ತ ಬೆಟ್ಟ, ಕೆಳಗೆ ಕೊಲೊರಾಡೊ ನದಿ. ನಾನು ಒಂದು ಹೋಟೆಲಿನಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಡೆನ್ವರ್‌ಗೆ ಹೋಗಿ ಓದುವುದೆಂದರೆ ಎರಡೂವರೆ ಮೂರು ಗಂಟೆಯ ದಾರಿ, ಅದೂ ದಾರಿ ತೆರೆದಿದ್ದರೆ. 2020ರ ಆಗಸ್ಟ್‌ನಲ್ಲಿ ಗ್ಲೆನ್‌ವುಡ್ ಕಣಿವೆಗೆ ಬೆಂಕಿ ಬಿದ್ದು ಹೆದ್ದಾರಿ ಎರಡು ವಾರ ಮುಚ್ಚಿತ್ತು. ಮರುವರ್ಷ ಮಳೆ ಹೊಯ್ದಾಗ ಸುಟ್ಟ ಗುಡ್ಡವೇ ಜಾರಿ ಬಂದು ರಸ್ತೆ ಮತ್ತೆ ಬಂದ್. ಟಿವಿಯಲ್ಲಿ ಆ ಮಣ್ಣಿನ ರಾಶಿ ನೋಡುತ್ತಾ ನನಗೆ ನೆನಪಾದದ್ದು ನಮ್ಮ ಸಂಕ.

ನಾನು ಓದುತ್ತಿರುವ ಕೊಲೊರಾಡೊ ಮೌಂಟನ್ ಕಾಲೇಜಿನ ದೊಡ್ಡ ಗುಣ ನನಗೆ ಕಾಣುವುದು ಇಲ್ಲೇ. ವಿದ್ಯಾರ್ಥಿ ಘಟ್ಟ ಇಳಿದು ಬರಲಿ ಎಂದು ಕಾಯದೆ ಅದೇ ಬೆಟ್ಟ ಹತ್ತಿಕೊಂಡು ಬಂದಿದೆ. 1965ರಲ್ಲಿ ಇಲ್ಲಿನ ಐದು ಕೌಂಟಿಗಳ, ಅಂದರೆ ನಮ್ಮ ಜಿಲ್ಲೆಗಳಂಥವುಗಳ, ಜನ ಮತ ಹಾಕಿ, ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡು ಕಾಲೇಜು ಕಟ್ಟಿಕೊಂಡರು. 1967ರಲ್ಲಿ ಪಾಠ ಶುರುವಾದದ್ದು ಎರಡೇ ಕಡೆ: ನಮ್ಮೂರಿನ ಮೇಲಿನ ಸ್ಪ್ರಿಂಗ್ ವ್ಯಾಲಿ ಮತ್ತು ಗಣಿ ಊರಾದ ಲೆಡ್‌ವಿಲ್. ಈಗ ಆಸ್ಪೆನ್, ಬ್ರೆಕನ್‌ರಿಜ್, ಡಿಲನ್, ಎಡ್ವರ್ಡ್ಸ್, ಕಾರ್ಬಂಡೇಲ್, ರೈಫಲ್, ಸ್ಟೀಮ್‌ಬೋಟ್ ಸ್ಪ್ರಿಂಗ್ಸ್ ಎಲ್ಲ ಸೇರಿ 11 ಕಡೆ ಇದೆ. ಸಲೈಡಾ ಈಚಿನ ಸೇರ್ಪಡೆ. ಅಲ್ಲಿಯವರೂ ಮತ ಹಾಕಿಯೇ ಒಳಗೆ ಬಂದರು, ತೆರಿಗೆ ಕೊಡಲು ಒಪ್ಪಿಯೇ.

ಆ ತೆರಿಗೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಲೆಕ್ಕ ಬರೆಯುವವಳಿಗೆ ಅದು ರುಚಿಸುತ್ತದೆ. ಕಾಲೇಜಿನ ಆದಾಯದ ದೊಡ್ಡ ಪಾಲು ಮನೆ, ಜಮೀನಿನ ಮೇಲಿನ ಸ್ಥಳೀಯ ತೆರಿಗೆಯಿಂದ ಬರುತ್ತದೆ. ಆಸ್ಪೆನ್ ಮತ್ತು ವೇಲ್ ಅಂದರೆ ಕೋಟ್ಯಧಿಪತಿಗಳು ವರ್ಷಕ್ಕೆ ನಾಲ್ಕು ವಾರ ಬಂದುಹೋಗುವ ಬಂಗಲೆಗಳ ಊರು. ಆ ಬಂಗಲೆಗಳ ತೆರಿಗೆಯೂ ಇದೇ ಕಾಲೇಜಿಗೆ ಸೇರುತ್ತದೆ. ಅದೇ ಬಂಗಲೆಯ ಹಾಸಿಗೆ ಮಡಚುವ ಹೆಂಗಸು ಸಂಜೆ ಇಲ್ಲಿ ಇಂಗ್ಲಿಷ್ ಕಲಿಯುತ್ತಾಳೆ. ನನಗೆ ಇದಕ್ಕಿಂತ ನ್ಯಾಯವಾದ ಲೆಕ್ಕ ಕಂಡಿಲ್ಲ. ಹೀಗಾಗಿಯೇ ಕಾಲೇಜಿನ ವ್ಯಾಪ್ತಿಯೊಳಗೆ ವಾಸವಿರುವವರಿಗೆ ಫೀಸು ಎಲ್ಲರಿಗಿಂತ ಕಡಿಮೆ. ರಾಜ್ಯದ ಬೇರೆ ಭಾಗದವರಿಗೆ ಹೆಚ್ಚು, ಹೊರರಾಜ್ಯದವರಿಗೆ ಇನ್ನೂ ಹೆಚ್ಚು.

ಮೊದಲೆಲ್ಲ ಇಲ್ಲಿ ಎರಡು ವರ್ಷದ ಪದವಿ ಮಾತ್ರ ಇತ್ತು. ಅದು ಮುಗಿದ ಮೇಲೆ ಮುಂದಕ್ಕೆ ಓದುವವರು ಗಂಟು ಕಟ್ಟಿಕೊಂಡು ಬೆಟ್ಟ ಇಳಿಯಬೇಕಿತ್ತು. 2010ರಲ್ಲಿ ರಾಜ್ಯದ ಶಾಸನಸಭೆ ನಾಲ್ಕು ವರ್ಷದ ಪದವಿ ಕೊಡಲು ಅನುಮತಿ ಕೊಟ್ಟಿತು. 2011ರಲ್ಲಿ ಬಿಸಿನೆಸ್ ಅಡ್ಮಿನಿಸ್ಟ್ರೇಷನ್ ಮತ್ತು ಸುಸ್ಥಿರತೆಯ ಅಧ್ಯಯನ ಎರಡು ವಿಷಯಗಳಲ್ಲಿ ಪದವಿ ಶುರುವಾಯಿತು. ಆಮೇಲೆ ನರ್ಸಿಂಗ್ ಬಂತು, ಶಿಕ್ಷಕರ ತರಬೇತಿ ಬಂತು. ಊರವರಿಗೆಂದೇ ಇರುವ ಕಮ್ಯುನಿಟಿ ಕಾಲೇಜು, ಕಮ್ಯುನಿಟಿ ಕಾಲೇಜಾಗಿಯೇ ಉಳಿದು ಇಷ್ಟು ಬೆಳೆಯಿತು. ಈ ಕಣಿವೆಗಳಲ್ಲಿ ಮನೆ ಬಾಡಿಗೆ ಎಷ್ಟಿದೆಯೆಂದರೆ ಹೊರಗಿನಿಂದ ಬಂದ ಟೀಚರ್, ನರ್ಸ್ ಹೆಚ್ಚು ದಿನ ನಿಲ್ಲುವುದು ಕಷ್ಟ. ಇಲ್ಲೇ ಹುಟ್ಟಿ, ಅಪ್ಪ ಅಮ್ಮನ ಮನೆಯಿಂದ ಓದಿದವರಾದರೆ ನಿಲ್ಲುತ್ತಾರೆ. ಪದವಿಗಳ ಆಯ್ಕೆಯಲ್ಲಿ ಈ ಯೋಚನೆ ಎದ್ದು ಕಾಣುತ್ತದೆ, ಅದು ನನಗೆ ತುಂಬಾ ಹಿಡಿಸಿತು.

ನನ್ನದು ಬಿಸಿನೆಸ್. ಅರ್ಜಿ ಹಾಕುವಾಗ ನನ್ನ ಹಳೇ ಬಿ.ಕಾಂ. ಮೊದಲನೇ ವರ್ಷದ ಅಂಕಪಟ್ಟಿ ಲೆಕ್ಕಕ್ಕೆ ಬರಬಹುದೇ ಎಂದು ಸಂಕೋಚದಿಂದ ಕೇಳಿದೆ. ಭಾರತದ ಅಂಕಪಟ್ಟಿಯನ್ನು ಇಲ್ಲಿಯ ಕ್ರೆಡಿಟ್ಟಿಗೆ ಹೊಂದಿಸಿ ವರದಿ ಕೊಡುವ ಏಜೆನ್ಸಿಗಳಿವೆ, ಅವರಿಗೆ ಕಳಿಸಿ ಎಂದರು. ಅಮ್ಮ ನಾಗಂದಿಗೆ ಮೇಲಿನ ಟ್ರಂಕು ಇಳಿಸಿ, ಗೆದ್ದಲು ಒಂದು ಮೂಲೆ ತಿಂದಿದ್ದ ಅಂಕಪಟ್ಟಿಯನ್ನು ಬೆಂಗಳೂರಿಗೆ ಹೋಗುವ ಭಾವನ ಕೈಯಲ್ಲಿ ಕಳಿಸಿದಳು. ಕೆಲವು ಕ್ರೆಡಿಟ್ ಸಿಕ್ಕಿತು. ಎಷ್ಟೆನ್ನುವುದಕ್ಕಿಂತ, ಆ ಒಂದು ವರ್ಷ ವ್ಯರ್ಥವಾಗಲಿಲ್ಲ ಎಂಬುದಕ್ಕೇ ನಾನು ಅತ್ತೆ. "ಈ ವಯಸ್ಸಲ್ಲಿ ಎಂತ ಓದೋದೇ ಮಾರಾಯ್ತಿ" ಎಂದು ಅಮ್ಮ ಫೋನಿನಲ್ಲಿ ಅಂದಳು. ಅಂದವಳೇ ಪರೀಕ್ಷೆ ಯಾವಾಗ ಎಂದೂ ಕೇಳಿದಳು.

ತರಗತಿಯಲ್ಲಿ ನಾನೇನೂ ದೊಡ್ಡವಳಲ್ಲ. ಪಕ್ಕದಲ್ಲಿ, ಹಿಮದ ಮೇಲೆ ಜಾರುವವರನ್ನು ಗುಡ್ಡ ಹತ್ತಿಸುವ ಸ್ಕೀ ಲಿಫ್ಟ್ ನಡೆಸುವ ಹುಡುಗ, ಹಿಂದೆ ಮೂರು ಮಕ್ಕಳ ತಾಯಿ, ಮೆಕ್ಸಿಕೋ ಮೂಲದವಳು. ಪಾಠ ಹೇಳುವವರು ಹಗಲು ಸ್ವಂತ ಅಕೌಂಟಿಂಗ್ ಆಫೀಸು ನಡೆಸುತ್ತಾರೆ. ಊರಿನ ಅಂಗಡಿಗಳ ಕಥೆಯನ್ನೇ ಹೆಸರು ಮರೆಸಿ ಉದಾಹರಣೆ ಕೊಡುತ್ತಾರೆ. ಇಪ್ಪತ್ತೂ ತುಂಬದ ತರಗತಿ, ಹೆಸರು ಹಿಡಿದು ಕರೆಯುತ್ತಾರೆ. ಊರಿನ ಕಾಲೇಜಿನಲ್ಲಿ ನಾನು ರೋಲ್ ನಂಬರ್ 64 ಆಗಿದ್ದೆ.

ಸ್ಪ್ರಿಂಗ್ ವ್ಯಾಲಿಗೆ ನಮ್ಮ ಮನೆಯಿಂದ ಇಪ್ಪತ್ತು ನಿಮಿಷ. ಅಲ್ಲಿ ಹಾಸ್ಟೆಲ್ ಇದೆ, ಪಶುವೈದ್ಯರ ಸಹಾಯಕರ ಕೋರ್ಸಿಗೆಂದು ಕುದುರೆ, ದನ ಸಾಕಿದ್ದಾರೆ. ಕಿಟಕಿಯಿಂದ ಎರಡು ತಲೆಯ ಮೌಂಟ್ ಸೋಪ್ರಿಸ್ ಕಾಣುತ್ತದೆ. ಮೊದಲ ಸಲ ಕೊಟ್ಟಿಗೆಯ ವಾಸನೆ ಬಂದಾಗ ಕಾರು ನಿಲ್ಲಿಸಿ ಐದು ನಿಮಿಷ ಸುಮ್ಮನೆ ನಿಂತಿದ್ದೆ.

ಲೆಡ್‌ವಿಲ್‌ಗೂ ಒಮ್ಮೆ ಹೋಗಿ ಬಂದೆವು, ಸುಮಾರು ಎರಡು ಗಂಟೆಯ ಹಾದಿ. ಊರಿನ ಎತ್ತರ 10,152 ಅಡಿ. ನಮ್ಮ ಮುಳ್ಳಯ್ಯನಗಿರಿ 6,330 ಅಡಿ ಅಂದರೆ ಅಂದಾಜು ಸಿಗುತ್ತದೆ. ಕಾಲೇಜಿನ ಮೆಟ್ಟಿಲು ಹತ್ತುವಷ್ಟರಲ್ಲಿ ಇವರಿಗೆ ಏದುಸಿರು. ಅಲ್ಲಿ ಕಲಿಸುವುದು ಸ್ಕೀ ಇಳಿಜಾರುಗಳನ್ನು ನೋಡಿಕೊಳ್ಳುವ ಕೆಲಸ, ಹಿಮಕುಸಿತದ ವಿಜ್ಞಾನ, ಕಾಡು ಮತ್ತು ನೀರಿನ ನಿರ್ವಹಣೆ. ಹೊರಗೆ ಏನಿದೆಯೋ ಅದೇ ಪಾಠ. ಅಡಿಕೆಗೆ ಕೊಳೆರೋಗ ಬಂದಾಗ ಏನು ಮಾಡಬೇಕೆಂದು ಡಿಗ್ರಿಯಲ್ಲಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಯಾರಿಗೆ ಇದು ಆಗುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಮಗನಿಗೆ ಪೂರ್ತಿ ಇಂಜಿನಿಯರಿಂಗ್ ಪದವಿ ಬೇಕೆಂದರೆ ಡೆನ್ವರ್ ಹತ್ತಿರದ ಬೌಲ್ಡರ್, ಗೋಲ್ಡನ್ ಊರುಗಳ ವಿಶ್ವವಿದ್ಯಾಲಯಗಳ ಕಡೆ ನೋಡಿ. ಎಲ್ಲ ಪದವಿ ಎಲ್ಲ ಕ್ಯಾಂಪಸ್ಸಿನಲ್ಲೂ ಸಿಗುವುದಿಲ್ಲ. ನಿಮ್ಮ ವಿಷಯ ನಿಮ್ಮ ಕಣಿವೆಯಲ್ಲಿದೆಯೇ, ಎಷ್ಟು ಭಾಗ ಆನ್‌ಲೈನ್ ಎಂದು ಮೊದಲೇ ಕೇಳಿಕೊಳ್ಳಿ. ಆನ್‌ಲೈನ್ ತರಗತಿ ನನಗೆ ಅಷ್ಟು ಒಗ್ಗುವುದಿಲ್ಲ. ಎದುರಿಗೆ ಮನುಷ್ಯರು ಕೂತಿರಬೇಕು. ಆಸ್ಪೆನ್ ದಾರಿಗೆ ಬಸ್ಸು ಚೆನ್ನಾಗಿದೆ, ಆದರೆ ಉಳಿದ ಕಡೆಗೆ ಕಾರು ಬೇಕೇ ಬೇಕು. ಸೆಪ್ಟೆಂಬರ್‌ನಿಂದ ಮೇ ತನಕ ಹಿಮಕ್ಕೆ ಹೊಂದುವ ಟೈರು ಹಾಕಿಸಿ, ಅದಕ್ಕೆ ಜಿಪುಣತನ ಮಾಡಬೇಡಿ. ಹೊರಗಿನಿಂದ ಬಂದು ಮನೆ ಮಾಡಿ ಓದುವವರಿಗೆ ಬಾಡಿಗೆಯೇ ಫೀಸನ್ನು ಮೀರುತ್ತದೆ. ಕಾಲೇಜು ಈಚೆಗೆ ವಿದ್ಯಾರ್ಥಿಗಳಿಗೆಂದೇ ಕೆಲವು ಕಡೆ ಸಣ್ಣ ಅಪಾರ್ಟ್‌ಮೆಂಟ್ ಕಟ್ಟಿಸಿದೆ, ಮೊದಲು ಅಲ್ಲಿ ವಿಚಾರಿಸಿ.

ಈ ಕಣಿವೆಗಳಲ್ಲಿ ಕನ್ನಡದವರು ಬೆರಳೆಣಿಕೆ. ಗಂಡನ ಕೆಲಸದ ಜೊತೆಗೆ ಬಂದು ಮನೆಯಲ್ಲೇ ಇರುವ ಅಕ್ಕತಂಗಿಯರಲ್ಲಿ ನನ್ನದೊಂದು ಕೋರಿಕೆ: ಅಂಕಪಟ್ಟಿ ಎಷ್ಟೇ ಹಳೆಯದಿರಲಿ, ಊರಿಂದ ತರಿಸಿಕೊಳ್ಳಿ. ವೀಸಾ ಯಾವುದು, ಸ್ಥಳೀಯರ ಫೀಸು ನಿಮಗೆ ಅನ್ವಯಿಸುತ್ತದೆಯೇ ಎಂದು ಆಫೀಸಿನಲ್ಲಿ ನೇರವಾಗಿ ಕೇಳಿ. ಒಂದೇ ಒಂದು ಸಂಜೆ ತರಗತಿಗೆ ಹೆಸರು ಬರೆಸಿ ನೋಡಿ. ಮಂಗಳವಾರ ಸಂಜೆ ಗ್ಲೆನ್‌ವುಡ್‌ನಲ್ಲಿ ನಾನಿರುತ್ತೇನೆ, ಕಿಟಕಿ ಪಕ್ಕದ ಎರಡನೇ ಸಾಲಿನಲ್ಲಿ.