ಸರ್ವಿಸ್ ಕೇಸಿಗೆ ಕೆಎಟಿ ಹೇಗೆ, ಹೈಕೋರ್ಟ್ ಹೇಗೆ: ಎರಡೂ ಕಡೆ ಅಲೆದವನ ಹೋಲಿಕೆ

ಸೀನಿಯಾರಿಟಿ ಲಿಸ್ಟಲ್ಲಿ ನನಗಿಂತ ಆಮೇಲೆ ಕೆಲಸಕ್ಕೆ ಸೇರಿದವರ ಕೆಳಗೆ ನನ್ನ ಹೆಸರು ಹಾಕಿದ್ರು, ಮನವಿ ಕೊಟ್ರೆ "ಪರಿಶೀಲನೆಯಲ್ಲಿದೆ" ಅಂತ ಒಂದು ಹಿಂಬರಹ, ಅಷ್ಟೇ. ಕೆಎಟಿಗೆ, ಅಂದ್ರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋದೆ, ಅಲ್ಲಿ ಗೆದ್ದ ಮೇಲೆ ಇಲಾಖೆಯವರೇ ಹೈಕೋರ್ಟಿಗೆ ಎಳೆದ್ರು.

ರಾಜ್ಯ ಸರ್ಕಾರಿ ನೌಕರರಿಗೆ ಇದರಲ್ಲಿ ಆರಿಸ್ಕೊಳ್ಳೋದು ಅಂತ ಏನೂ ಇಲ್ಲ ಬಿಡಿ. 1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆ ಪ್ರಕಾರ ನೇಮಕಾತಿ, ಬಡ್ತಿ, ವರ್ಗಾವಣೆ, ಸಸ್ಪೆನ್ಷನ್, ಪೆನ್ಷನ್ ಎಲ್ಲ ಮೊದಲು ಟ್ರಿಬ್ಯುನಲ್ಲಿಗೇ ಹೋಗ್ಬೇಕು, ನೇರ ರಿಟ್ ಹಾಕಿದ್ರೆ ಹೈಕೋರ್ಟು ಅಲ್ಲಿಗೇ ವಾಪಸ್ ಕಳಿಸುತ್ತೆ. ನನ್ನ ಭಾಮೈದ ನಿಗಮದಲ್ಲಿದಾನೆ, ಅವನ ಕೇಸು ಕೆಎಟಿ ವ್ಯಾಪ್ತಿಗೆ ಬರಲ್ಲ, ಹಾಗಾಗಿ ಅವನು ಸೀದಾ ಹೈಕೋರ್ಟಿಗೆ ಹೋದ, ಸಿಂಗಲ್ ಜಡ್ಜ್ ಮುಂದೆ ಸೋತ, ಈಗ ಡಿವಿಜನ್ ಬೆಂಚಲ್ಲಿ ಅಪೀಲು.

ಕೆಎಟಿಯಲ್ಲಿ ನನಗೆ ಹಿಡಿಸಿದ್ದು ಕೂತಿರೋರಿಗೆ ಸರ್ಕಾರಿ ಕಡತ ಓದೋಕೆ ಬರುತ್ತೆ ಅನ್ನೋದು. ಬೆಂಚಲ್ಲಿ ಒಬ್ರು ನ್ಯಾಯಾಂಗ ಸದಸ್ಯರು, ಒಬ್ರು ಆಡಳಿತ ಸದಸ್ಯರು. ನಮ್ಮ ವಕೀಲರು ಇನ್ನೂ ಪೀಠಿಕೆ ಹಾಕ್ತಿದ್ರು, ಅಷ್ಟರಲ್ಲಿ ಆಡಳಿತ ಸದಸ್ಯರು ಪುಟ ತಿರುವಿ "ತಾತ್ಕಾಲಿಕ ಪಟ್ಟಿಗೆ ಆಕ್ಷೇಪಣೆ ಕರೆದ ಪತ್ರ ಎಲ್ಲಿ?" ಅಂತ ಸರ್ಕಾರಿ ವಕೀಲರನ್ನ ಕೇಳಿದ್ರು. ಆ ಪತ್ರವೇ ಇರ್ಲಿಲ್ಲ! ಕೇಸು ಅರ್ಧ ಅಲ್ಲೇ ಮುಗೀತು. ಅಪ್ಪನ ಜಮೀನು ಕೇಸು ಸಿವಿಲ್ ಕೋರ್ಟಲ್ಲಿ ಸಾಕ್ಷಿ, ಪಾಟೀಸವಾಲು ಅಂತ ಎಳೆದಿದ್ದು ನೋಡಿದವನಿಗೆ ಬರೀ ದಾಖಲೆ ಮತ್ತು ವಾದದ ಮೇಲೆ ನಡೆಯೋ ಈ ರೀತಿ ದೊಡ್ಡ ನೆಮ್ಮದಿ. ವಕೀಲರಿಲ್ದೆ ನಾವೇ ನಿಂತು ವಾದ ಮಾಡೋಕೂ ಕಾಯ್ದೆಯಲ್ಲಿ ಅವಕಾಶ ಇದೆ, ಆದ್ರೆ ಸೀನಿಯಾರಿಟಿ ಥರ ಗೋಜಲು ಕೇಸಿಗೆ ನಾನಂತೂ ಬೇಡ ಅಂತೀನಿ.

ಬೇಗ ಆಗುತ್ತೆ ಅನ್ನೋದನ್ನ ಮಾತ್ರ ನಂಬ್ಬೇಡಿ. ಸದಸ್ಯರ ಸ್ಥಾನ ಖಾಲಿ ಇದ್ರೆ ಬೆಂಚೇ ಕೂರಲ್ಲ, ಇಲಾಖೆ ಆಕ್ಷೇಪಣೆ ಹಾಕೋಕೆ ಟೈಮ್ ಮೇಲೆ ಟೈಮ್ ಕೇಳುತ್ತೆ.

ಹೈಕೋರ್ಟಿನ ಗಾಳಿಯೇ ಬೇರೆ. ಇಬ್ರು ಜಡ್ಜುಗಳ ಮುಂದೆ ಬಂತು, ಲಿಸ್ಟು ಉದ್ದ, ನಮ್ಮ ಸರದಿ ಬಂದಾಗ ಸಿಕ್ಕಿದ್ದು ಸ್ವಲ್ಪ ಹೊತ್ತು. ಅವರು ನನ್ನ ಸರ್ವಿಸ್ ರಿಜಿಸ್ಟರ್ ಮೊದಲಿಂದ ಬಿಚ್ಚಲಿಲ್ಲ, ಕೆಎಟಿ ಆದೇಶದಲ್ಲಿ ಕಾನೂನಿನ ತಪ್ಪಿದ್ಯಾ ಅಂತಷ್ಟೇ ನೋಡಿದ್ರು, ಹಾಗಾಗಿ ಏನೇ ದಾಖಲೆ ಇದ್ರೂ ಕೆಎಟಿ ಹಂತದಲ್ಲೇ ಹಾಕಿರ್ಬೇಕು. ಖರ್ಚು ಜಾಸ್ತಿ, ಆದ್ರೆ ಅಲ್ಲಿಯ ಆದೇಶಕ್ಕೆ ಇಲಾಖೆಯವರು ಹೆದರೋದೂ ಜಾಸ್ತಿ. ಕೆಎಟಿಗೂ ನ್ಯಾಯಾಂಗ ನಿಂದನೆ ಅಧಿಕಾರ ಇದೆ, ಆದ್ರೂ ನಮ್ಮ ಕಚೇರಿ ಎದ್ದು ಓಡಾಡಿದ್ದು ಹೈಕೋರ್ಟ್ ಆದೇಶ ಬಂದ ಮೇಲೆಯೇ.

ಈ ಎರಡನೇ ಸುತ್ತು ಬಂದಿದ್ದು 1997ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಎಲ್. ಚಂದ್ರಕುಮಾರ್ ಕೇಸಿನ ತೀರ್ಪಿಂದ. ಅದಕ್ಕೂ ಮುಂಚೆ ಟ್ರಿಬ್ಯುನಲ್ ಆದೇಶ ಒಪ್ಪಿಗೆ ಆಗದಿದ್ರೆ ಸೀದಾ ಸುಪ್ರೀಂ ಕೋರ್ಟೇ ಗತಿ. ಹತ್ರದ ಹೈಕೋರ್ಟ್ ಸಿಕ್ಕಿದ್ದು ಬಡ ನೌಕರನಿಗೆ ಒಳ್ಳೇದೇ, ಆದ್ರೆ ಗೆದ್ದವನನ್ನ ಇನ್ನೊಂದಷ್ಟು ದಿನ ಕಾಯಿಸೋಕೆ ಇಲಾಖೆಗೂ ಅದೇ ದಾರಿ ಆಯ್ತು ನೋಡಿ.

ನನ್ನ ಮಟ್ಟಿಗೆ ಕೆಎಟಿಯೇ ವಾಸಿ. ಹೋಗೋರು ಅವಧಿ ಮಾತ್ರ ನೋಡ್ಕೊಳ್ಳಿ: ಅಂತಿಮ ಆದೇಶ ಆದ ದಿನದಿಂದ ಒಂದು ವರ್ಷ, ಮೇಲ್ಮನವಿಗೆ ಉತ್ತರವೇ ಬರದಿದ್ರೆ 6 ತಿಂಗಳು ಕಾದು ಅಲ್ಲಿಂದ ಒಂದು ವರ್ಷ. ಅದೇ ಮನವಿನ ಮತ್ತೆ ಮತ್ತೆ ಕೊಡ್ತಾ ಹೋದ್ರೆ ಈ ಅವಧಿ ಮುಂದಕ್ಕೆ ಹೋಗಲ್ಲ.